ಹಕ್ಕಿಗಳು ವಾಪಸ್ ಬರ್ತಿವೆ, ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ವಸಂತ ಶುರುವಾಗಿದೆ, ವಲಸೆ ಹಕ್ಕಿಗಳು ಮರಳುತ್ತಿವೆ. ನಮ್ಮ ಈ ಗುಂಪಿನಲ್ಲಿ ನೋಡಿದ್ದನ್ನು ಹಾಕುವಾಗ ತಾರೀಖು, ಸಮಯ, ಎಷ್ಟಿದ್ದವು ಅನ್ನೋದನ್ನು ಬರೆಯಿರಿ. ಬರೀ ಫೋಟೊ ಹಾಕಿದರೆ ಚೆಂದ ಕಾಣುತ್ತದೆ, ಅಷ್ಟೇ!

ಬೆಳಗಿನ ಹೊತ್ತು ಬೇಗ ಹೋಗಿ. ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿಯೇ ಹಾರುತ್ತವೆ, ಬೆಳಕು ಹರಿಯುವಾಗ ಇಳಿದು ಹಸಿವಿನಿಂದ ಪೊದೆಗಳಲ್ಲಿ ಹುಳ ಹುಡುಕುತ್ತಿರುತ್ತವೆ. ಉತ್ತರ ಗೋಳಾರ್ಧದಲ್ಲಿ ರಾತ್ರಿ ದಕ್ಷಿಣದಿಂದ ಗಾಳಿ ಬೀಸಿ ಬೆಳಗಿನ ಜಾವ ಮಳೆ ಬಂದರಂತೂ ಬಿಡಲೇಬೇಡಿ, ಮುಂದೆ ಹೋಗಲಾಗದ ಹಕ್ಕಿಗಳು ಒಂದೇ ಕಡೆ ರಾಶಿ ಇಳಿಯುತ್ತವೆ. ಎಷ್ಟೋ ಜಾತಿಗಳಲ್ಲಿ ಗಂಡುಗಳೇ ಮೊದಲು ಬಂದು ಜಾಗ ಹಿಡಿಯುತ್ತವೆ, ಹಾಗಾಗಿ ಬರೀ ಗಂಡೇ ಕಂಡರೆ ಗಾಬರಿಯಾಗಬೇಡಿ.

"ಈ ಸಲ ಬೇಗ ಬಂತು" ಅಂತ ಸುಮ್ನೆ ತೀರ್ಮಾನಿಸೋದು ಬೇಡ. ನೋಡುವ ಕಣ್ಣು ಜಾಸ್ತಿಯಾದರೂ ಹಕ್ಕಿ ಮೊದಲು ಕಂಡ ತಾರೀಖು ಬೇಗ ಬಂದಂತೆ ಕಾಣುತ್ತೆ, ಅಲ್ವಾ? ಅದಕ್ಕೇ, ಏನೂ ಕಾಣದ ದಿನವನ್ನೂ ಬರೆಯಿರಿ. ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳನ್ನು ದಾಖಲಿಸುವ ಆನ್‌ಲೈನ್ ತಾಣ) ಗುರುತಿಸಿದ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿ ಹಾಕಿದರೆ ಇನ್ನೂ ಒಳ್ಳೆಯದು.

ಮೊಬೈಲಲ್ಲಿ ರೆಕಾರ್ಡ್ ಆದ ಕೂಗು ಹಾಕಿ ಹಕ್ಕಿಗಳನ್ನು ಕರೆಯಬೇಡಿ. ದೂರದಿಂದ ಬಂದು ಸುಸ್ತಾಗಿರುತ್ತವೆ. ಗೂಡಿನ ಜಾಗವನ್ನು ಗುಂಪಿನಲ್ಲಿ ಹಾಕಲೇಬೇಡಿ. ಹಳೇ ಫಾರ್ವರ್ಡ್ ಫೋಟೊಗಳನ್ನು ಅಳಿಸುತ್ತೇನೆ, ಬೇಜಾರಾಗಬೇಡಿ.