ಸ್ಕೂಟರಿನ ಕೆಳಗೆ ಮಗುವಿನ ಹೆಸರು

ಸಂಪಾದಕರಿಗೆ ನಮಸ್ಕಾರ,

ಡೈವೋರ್ಸ್ ಜಾಸ್ತಿಯಾಗಿದೆ, ಈಗಿನವರಿಗೆ ತಾಳ್ಮೆಯೇ ಇಲ್ಲ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ತಾಳ್ಮೆಯ ವಿಷಯ ಆಮೇಲೆ ನೋಡೋಣ. ಬೇರೆಯಾಗುವುದು ಅಂತ ತೀರ್ಮಾನ ಆದ ಮೇಲೆ ಮಗುವಿನ ವಿಷಯದಲ್ಲಿ ನಾವು ಹಿರಿಯರು ಏನು ಮಾಡುತ್ತೇವೆ ಅನ್ನುವುದನ್ನೂ ಯಾರಾದರೂ ಬರೆಯಬೇಕಲ್ವಾ? ನಾನು ನಿವೃತ್ತ ಬಸ್ ಕಂಡಕ್ಟರ್, ವಕೀಲನಲ್ಲ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಹಿಂದೆ ನನ್ನ ಮಗಳ ಡೈವೋರ್ಸ್ ಮಾತುಕತೆಗೆ ಹನುಮಂತನಗರದ ನಮ್ಮ ಮನೆಯಲ್ಲಿ ಎರಡೂ ಕಡೆಯವರು ಕೂತಿದ್ದೆವು. ಸುಮ್ನೆ ಕೋರ್ಟಿಗೆ ಅಲೆಯುವುದು ಬೇಡ, ಪರಸ್ಪರ ಒಪ್ಪಿಗೆ ಮೇಲೆ ಮುಗಿಸೋಣ ಅಂತ. ಅಳಿಯನ ಸೋದರಮಾವ ಯಾವುದೋ ಗೃಹಪ್ರವೇಶದ ಕರೆಯೋಲೆ ತಿರುಗಿಸಿ, ಹಿಂದುಗಡೆ ಗೆರೆ ಎಳೆದು ಪಟ್ಟಿ ಮಾಡಿದರು. ಒಡವೆ, ಬೆಳ್ಳಿ ಪಾತ್ರೆ, ಫ್ರಿಜ್, ಸ್ಕೂಟರ್. ಸ್ಕೂಟರಿನ ಕೆಳಗೆ ನನ್ನ ಮೊಮ್ಮಗಳ ಹೆಸರು. ನಾಲ್ಕೂವರೆ ವರ್ಷದ ಅವಳು ಅಲ್ಲೇ ದಿವಾನದ ಮೇಲೆ ಕೂತು ಬಿಸ್ಕತ್ತನ್ನು ಹಾಲಿಗೆ ಅದ್ದುತ್ತಿದ್ದಳು, ಅರ್ಧ ಲೋಟದೊಳಗೇ ಬಿದ್ದುಹೋಗಿತ್ತು.

"ಐದು ತುಂಬಿದರೆ ಮಗು ಅಪ್ಪಂದೇ, ಕಾನೂನೇ ಹಾಗಿದೆ. ಆದರೂ ಪರವಾಗಿಲ್ಲ, ನಿಮ್ಮ ಹತ್ತಿರವೇ ಇರಲಿ ಯಜಮಾನ್ರೇ, ಜೀವನಾಂಶ ಮಾತ್ರ ಕೇಳಬೇಡಿ" ಎಂದರು ಆ ಸೋದರಮಾವ. ಮಗಳು ನನ್ನ ಮುಖ ನೋಡಿದಳು. ನಾನು ಆಗಲಿ ಎಂದು ತಲೆಯಾಡಿಸಿದೆ. ಕೋರ್ಟಿನಲ್ಲಿ ಕೇಳಿದಾಗಲೂ ಎಲ್ಲದಕ್ಕೂ ಒಪ್ಪಿಗೆ ಇದೆ ಎಂದೇ ಇಬ್ಬರೂ ಹೇಳಿದರು.

ಈ ವರ್ಷ ಸ್ಕೂಲ್ ಫೀಸ್ ಕಟ್ಟಲು ಮಗಳು ಬಳೆ ಅಡವಿಟ್ಟಾಗ ನನಗೆ ತಡೆಯಲಾಗಲಿಲ್ಲ. ಯಾರೋ ಹೇಳಿದರು ಅಂತ 15100ಕ್ಕೆ ಫೋನ್ ಮಾಡಿದೆ. ಅದು ಉಚಿತ ಕಾನೂನು ನೆರವಿನ ನಂಬರ್. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ನಮಗೆ ಸಿಕ್ಕ ವಕೀಲೆ ಎಲ್ಲ ಕೇಳಿಸಿಕೊಂಡು, "ಐದು ವರ್ಷದ ಕಥೆ ನಿಮಗೆ ಯಾರು ಹೇಳಿದ್ದು ಸಾರ್?" ಎಂದರು.

ಮಕ್ಕಳ ಪಾಲನೆಯ ಬಗ್ಗೆ ಇರುವ 1956ರ ಹಿಂದೂ ಕಾಯ್ದೆಯಲ್ಲಿ ಹೇಳಿರುವುದು ಇಷ್ಟೇ: ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಐದು ತುಂಬಿದ ಬೆಳಗ್ಗೆ ಅಪ್ಪನಿಗೆ ಒಪ್ಪಿಸಿ ಅಂತ ಎಲ್ಲೂ ಇಲ್ಲ. ಆಮೇಲೂ ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅನ್ನುವುದನ್ನೇ. ಗಾರ್ಡಿಯನ್, ಅಂದರೆ ಕಾನೂನಿನ ಪ್ರಕಾರ ಮಗುವಿನ ಪಾಲಕ, ಎಂದು ಅಪ್ಪನ ಹೆಸರು ಮೊದಲು ಬರೆದಿರುವುದು ನಿಜ, ಆದರೆ ಅಪ್ಪ ಬದುಕಿದ್ದಾಗಲೂ ಅಮ್ಮ ಗಾರ್ಡಿಯನ್ ಆಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಇನ್ನು ಮಗುವಿನ ಜೀವನಾಂಶ ಮಗುವಿನ ಹಕ್ಕು, ಅದನ್ನು ಬೇಡ ಎಂದು ತಾಯಿ ಸಹಿ ಹಾಕಿದರೂ ಮಗುವಿನ ಹಕ್ಕು ಹೋಗುವುದಿಲ್ಲ. ಈಗಲೂ ಕೇಳಬಹುದಂತೆ. ಆದರೆ ಲೆಕ್ಕ ಅರ್ಜಿ ಹಾಕಿದ ದಿನದಿಂದ, ಸುಪ್ರೀಂ ಕೋರ್ಟಿನ 2020ರ ತೀರ್ಪು ಹಾಗಿದೆ. ಅಂದರೆ ನಾನು ತಲೆಯಾಡಿಸಿದ ತಪ್ಪಿಗೆ ಎರಡು ವರ್ಷದ ದುಡ್ಡು ಹೋಯಿತು.

ಅಳಿಯನೂ ಕಳೆದುಕೊಂಡ, ಅದನ್ನೂ ಹೇಳಬೇಕು. ಮಗುವನ್ನು ಯಾವಾಗ ನೋಡಬೇಕು, ಎಷ್ಟು ಹೊತ್ತು, ಬೇಸಿಗೆ ರಜೆಯಲ್ಲಿ ಎಲ್ಲಿ, ಯಾವುದನ್ನೂ ನಾವು ಬರೆಸಲಿಲ್ಲ. ಅವನು ಭಾನುವಾರ ಗೇಟಿನ ಹೊರಗೆ ನಿಂತು ಫೋನ್ ಮಾಡುತ್ತಾನೆ, ನಮ್ಮ ಮನೆಯವರಿಗೆ ಮನಸ್ಸಿದ್ದರೆ ಕಳಿಸುತ್ತಾರೆ. ಒಂದೆರಡು ಸಲ ಮಗು ಮಲಗಿದೆ ಎಂದು ಸುಳ್ಳು ಹೇಳಿದ್ದೂ ಉಂಟು, ನಾನೇ ಹೇಳಿದ್ದೇನೆ. ದಿನ, ಹೊತ್ತು, ವಿಡಿಯೋ ಕಾಲ್ ಎಲ್ಲವನ್ನೂ ಆದೇಶದಲ್ಲಿ ಬರೆಸಬಹುದು, ಮುಂದೆ ಬದಲಾಯಿಸಲೂಬಹುದು ಎಂದು ಅವನಿಗೂ ಯಾರೂ ಹೇಳಲಿಲ್ಲ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಯದು ಬೇರೆ ಕಥೆ. ಮದುವೆಯಾಗಿಲ್ಲ, ಗಂಡು ಮಗು ಇದೆ, ಅವನಪ್ಪ ಬಿಟ್ಟುಹೋಗಿದ್ದಾನೆ. ತಾಳಿಯೇ ಇಲ್ಲದ ಮೇಲೆ ಏನಂತ ಕೇಳುತ್ತೀಯ ಎಂದು ಬೀದಿಯೆಲ್ಲ ಬುದ್ಧಿ ಹೇಳಿತು. ಮಗುವಿನ ಜೀವನಾಂಶಕ್ಕೆ ತಾಳಿ ಬೇಕಿಲ್ಲ! ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್‌ನಲ್ಲೂ ಇತ್ತು, ಅದರ ಬದಲಿಗೆ 2024ರ ಜುಲೈಯಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲೂ ಇದೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ 1956ರ ಕಾಯ್ದೆಯ ಪ್ರಕಾರವೇ ತಾಯಿ ಮೊದಲ ಗಾರ್ಡಿಯನ್. ಅಪ್ಪನ ಹೆಸರು ಹೇಳಲೇಬೇಕು ಎಂದು ಅವಳನ್ನು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪಾಸ್‌ಪೋರ್ಟಿಗೂ ಒಬ್ಬರ ಹೆಸರು ಸಾಕು. ಮುಸ್ಲಿಂ, ಕ್ರೈಸ್ತ ಮನೆಗಳಿಗೆ ಕೆಲವು ನಿಯಮ ಬೇರೆ ಇವೆ, ಅವರೂ ವಕೀಲರನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು, ನಡುಮನೆಯಲ್ಲಿ ಕೂತ ಮಾವಂದಿರನ್ನಲ್ಲ.

ಮುಂದಿನ ವಾರ ಮಗಳ ಜೊತೆ ಅರ್ಜಿ ಹಾಕಲು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಫ್ಯಾಮಿಲಿ ಕೋರ್ಟಿಗೆ ಹೋಗುತ್ತಿದ್ದೇನೆ. ಅಳಿಯನಿಗೂ ಫೋನ್ ಮಾಡಿ ಹೇಳಿದೆ, ಭಾನುವಾರಗಳ ವಿಷಯ ನೀನೂ ಬರೆಸಿಕೋ ಮಾರಾಯ ಅಂತ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಆಯ್ತು ಮಾವ" ಎಂದ.

ನಿಮ್ಮಲ್ಲಿ ಒಂದು ಕೋರಿಕೆ. ದಿನಾ ಚಿನ್ನದ ದರ ಹಾಕುತ್ತೀರಲ್ಲ, ಅದರ ಪಕ್ಕದಲ್ಲಿ ಸಣ್ಣದಾಗಿ 15100 ಅಂತ ಹಾಕಿ. ಡೈವೋರ್ಸ್ ಮಾತುಕತೆಗೆ ಕೂರುವ ಮನೆಯವರು ಆ ಜಾಗ ನೋಡಿಯೇ ನೋಡುತ್ತಾರೆ.

ಇಂತಿ,
ಒಬ್ಬ ತಾತ
ಹನುಮಂತನಗರ, ಬೆಂಗಳೂರು