ಮುರಿದ ದವಡೆಗೆ ಮುಂಚಿತ ಲೆಕ್ಕ ಬೇಕು

ಮಾನ್ಯ ಸಂಪಾದಕರೆ,

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿನಿಂದ ಬಿದ್ದ ನನ್ನ ಅಕ್ಕನ ಮಗನ ಕೆಳದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಾಗೂ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದ ಐದು ವಾರ ಅವನು ರಾಗಿ ಗಂಜಿಯನ್ನು ಸ್ಟ್ರಾದಲ್ಲಿ ಹೀರುತ್ತ ದಿನ ದೂಡಿದ. ತಂತಿ ಬಿಚ್ಚಿದ ಮೇಲೂ ಬಲಗಡೆಯ ದವಡೆ ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ನೆನೆಸಿದ ಮಂಡಕ್ಕಿಯನ್ನೂ ಅಗಿಯಲಾಗದೆ ಕಣ್ಣೀರಿಟ್ಟ.

ಎರಡನೆಯ ಶಸ್ತ್ರಚಿಕಿತ್ಸೆಗೆ ಪರಊರಿಗೆ ಹೋಗಬೇಕಾಯಿತು. ಅಲ್ಲಿನ ವೈದ್ಯರು ಸಿ.ಟಿ. ಸ್ಕ್ಯಾನಿನ ಚಿತ್ರಗಳಿಂದ ಕಂಪ್ಯೂಟರಿನಲ್ಲಿ ಅವನ ದವಡೆಯ ಮಾದರಿ ರೂಪಿಸಿ, ಜರುಗಿದ ತುಂಡುಗಳನ್ನು ಹಲ್ಲು ಸರಿಯಾಗಿ ಕಚ್ಚುವ ಸ್ಥಾನಕ್ಕೆ ತೆರೆಯ ಮೇಲೆಯೇ ತಂದು, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ ನನ್ನ ಕೈಗಿತ್ತರು. ಮುರಿದ ತುಂಡುಗಳನ್ನು ಹಿಡಿದಿಡುವ ಟೈಟಾನಿಯಂ ಪಟ್ಟಿಯನ್ನು ಅದರ ಮೇಲಿಟ್ಟು ಹಿಂದಿನ ದಿನವೇ ಬಗ್ಗಿಸಿಟ್ಟಿದ್ದರು. ಅರಿವಳಿಕೆಯಲ್ಲಿ ಮಲಗಿರುವ ರೋಗಿಯ ಮುಂದೆ ನಿಂತು ಪಟ್ಟಿಯನ್ನು ಬಗ್ಗಿಸಿ, ಇಟ್ಟು ನೋಡಿ, ಮತ್ತೆ ಬಗ್ಗಿಸುವ ಹೊತ್ತು ಇದರಿಂದ ಉಳಿಯುತ್ತದೆ.

ಪಟ್ಟಿ ಎಲ್ಲಿ ಕೂರಬೇಕೆಂಬುದೂ ಅಷ್ಟೇ ಮುಖ್ಯ. ಅಗಿಯುವಾಗ ದವಡೆಯ ಕೋನದ (ಕಿವಿಯ ಕೆಳಗೆ ದವಡೆ ಬಾಗುವ ಜಾಗ) ಬಳಿ ಮೇಲಂಚು ಎಳೆತಕ್ಕೆ ಸಿಕ್ಕಿ ಬಿರುಕು ಬಾಯಿಬಿಡುತ್ತದೆ, ಕೆಳಂಚು ಒತ್ತಿಕೊಳ್ಳುತ್ತದೆ. ಗದ್ದದ ಬಳಿ ಇದರ ಜೊತೆಗೆ ತಿರುಚುವ ಬಲವೂ ಸೇರುತ್ತದೆ. ಆದ್ದರಿಂದಲೇ ಕೋನಕ್ಕೆ ಒಂದು ಚಿಕ್ಕ ಪಟ್ಟಿ, ಗದ್ದಕ್ಕೆ ಎರಡು ಎಂಬ ಕ್ರಮವನ್ನು ಫ್ರಾನ್ಸಿನ ಶಸ್ತ್ರವೈದ್ಯ ಶಾಂಪಿ ಮತ್ತು ಸಂಗಡಿಗರು 1970ರ ದಶಕದಲ್ಲೇ ಹೇಳಿಕೊಟ್ಟರು. ಮೂಳೆಯನ್ನು ಸಾವಿರಾರು ಪುಟ್ಟ ಭಾಗಗಳಾಗಿ ವಿಂಗಡಿಸಿ ಒಂದೊಂದರ ಮೇಲೂ ಬೀಳುವ ಬಲವನ್ನು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವು ಪಟ್ಟಿ ಎಲ್ಲಿ ಕೂತರೆ ಬಲ ತಡೆದೀತು ಎಂಬ ಪರೀಕ್ಷೆಯನ್ನು ಆಯಾ ರೋಗಿಯ ದವಡೆಯ ಮಾದರಿಯಲ್ಲೇ ಮಾಡಿ ನೋಡಲು ಅನುವು ಮಾಡುತ್ತದೆ. ಮೂಳೆಯ ಗಡಸುತನ, ಸ್ನಾಯುಗಳ ಬಲ ಇವುಗಳ ಅಂದಾಜು ತಪ್ಪಿದರೆ ಉತ್ತರವೂ ತಪ್ಪುವುದರಿಂದ ಕೊನೆಯ ತೀರ್ಮಾನ ಶಸ್ತ್ರವೈದ್ಯರದೇ ಆಗಿರಬೇಕು. ಜರುಗದ, ಸರಳ ಮುರಿತಕ್ಕೆ ಇಷ್ಟೆಲ್ಲ ಬೇಕಿಲ್ಲ.

ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ; ಈ ಲೆಕ್ಕವನ್ನು ಪಾಠವಾಗಿಯೇ ಕಲಿಸುವ ಎಂಜಿನಿಯರಿಂಗ್ ಕಾಲೇಜುಗಳಿವೆ, ಅವುಗಳಲ್ಲಿ ಯು.ಬಿ.ಡಿ.ಟಿ. ಕಾಲೇಜು 1951ರಿಂದ ನಡೆಯುತ್ತಿದೆ. ಇವರೆಲ್ಲರೂ ಕೂಡಿ, ಶಸ್ತ್ರಚಿಕಿತ್ಸೆಗೆ ಮುನ್ನ ಇಂಥ ಮಾದರಿ ಹಾಗೂ ಲೆಕ್ಕ ಸಿದ್ಧಪಡಿಸುವ ಒಂದು ಯೋಜನಾ ಕೊಠಡಿಯನ್ನು ನಡೆಸುವಂತೆ ಜಿಲ್ಲಾಡಳಿತವು ಮುಂದಾಗಿ ಸಭೆ ಕರೆಯಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ದಾಖಲಾದ ಗಾಯಾಳುವಿನ ಸ್ಕ್ಯಾನ್ ಅಂದೇ ಅಲ್ಲಿಗೆ ತಲುಪಿದರೆ, ಮುಖದ ಬಾವು ಇಳಿಯಲೆಂದು ಕಾಯುವ ಆ ಕೆಲವು ದಿನಗಳಲ್ಲೇ ಮಾದರಿ ಸಿದ್ಧವಾಗುತ್ತದೆ. ಬಡ ರೋಗಿಗಳಿಂದ ಇದಕ್ಕೆ ಹಣ ಪಡೆಯಬಾರದೆಂದು ಮೊದಲೇ ನಿಗದಿಪಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ದಾವಣಗೆರೆ