ನರಿ ಹಿಡಿಯುವ ಬೋನಿಗೆ ದುಡ್ಡು ಬೇಡ, ಮುಚ್ಚಳವಿರುವ ಡಬ್ಬ ಕೊಡಿ

ಮಾನ್ಯ ಕೌನ್ಸಿಲರ್ ಅವರಿಗೆ,

ನಮಸ್ಕಾರ. ನಮ್ಮ ಬೀದಿಯ ನರಿಗಳನ್ನು ಬೋನಿಟ್ಟು ಹಿಡಿಸಿ ಕೊಲ್ಲಿಸಬೇಕು ಅಂತ ಒಂದು ಅರ್ಜಿ ನಿಮ್ಮ ಮುಂದೆ ಬಂದಿದೆ. ಸಹಿ ಹಾಕಿದವರಲ್ಲಿ ನಮ್ಮ ಕನ್ನಡದ ಮನೆಗಳೂ ಇವೆ. ನಾನು ಹಾಕಿಲ್ಲ. ಯಾಕೆ ಹಾಕಿಲ್ಲ, ಬೋನಿನ ಬದಲು ಕೌನ್ಸಿಲ್ ಏನು ಮಾಡಬೇಕು ಅಂತ ಹೇಳಲು ಈ ಪತ್ರ. ಇಂಗ್ಲಿಷಿನಲ್ಲಿ ಬರೆದದ್ದು ಈಗಾಗಲೇ ನಿಮ್ಮ ಕಚೇರಿಗೆ ಸೇರಿದೆ. ನೀವೂ ಕನ್ನಡದವರು. ದಕ್ಷಿಣ ಲಂಡನ್ನಿನ ಈ ವಾರ್ಡಿನಲ್ಲಿ ಕನ್ನಡ ಓದುವವರು ಇನ್ನೂ ಸುಮಾರು ಜನ ಇದ್ದಾರೆ. ಅವರೂ ಓದಲಿ ಅಂತ ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇನೆ.

ಅರ್ಜಿ ಕೊಟ್ಟವರ ಭಯ ಸುಳ್ಳಲ್ಲ. ನರಿಗಳಿಗೆ ಜನರ ಹೆದರಿಕೆ ನಿಜಕ್ಕೂ ಕಡಿಮೆಯಾಗಿದೆ. ಸಂಜೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದರೆ ಹುಲ್ಲಿನ ಮೇಲೆ ಮಲಗಿದ ನರಿ ಎದ್ದು ಓಡುವುದಿಲ್ಲ. ತಲೆ ಎತ್ತಿ ನೋಡುತ್ತದೆ ಅಷ್ಟೇ. ಚಪ್ಪಾಳೆ ತಟ್ಟಿದರೆ ನಾಲ್ಕು ಹೆಜ್ಜೆ ಸರಿದು ಮತ್ತೆ ಕೂರುತ್ತದೆ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಬೆಳಗಾಗುವಷ್ಟರಲ್ಲಿ ಒಂಟಿಯಾಗಿರುತ್ತದೆ. ಅದರ ಜೋಡಿ ಪಕ್ಕದ ಮನೆಯ ಹೂವಿನ ಗಿಡದ ಬುಡದಲ್ಲಿ ಸಿಗುತ್ತದೆ, ಪಟ್ಟಿ ಪೂರ್ತಿ ಕಡಿದು ಹೋಗಿರುತ್ತದೆ, ಮೈಯೆಲ್ಲ ಸಣ್ಣ ಸಣ್ಣ ಹಲ್ಲಿನ ತೂತು. ಎಳೆ ಕೂಸಿರುವ ಮನೆಯವರು ಆ ತೂತುಗಳನ್ನು ನೋಡಿದರೆ ಎದೆ ಝಲ್ಲೆನ್ನುವುದು ಸಹಜ ಅಲ್ವಾ?

2010ರ ಜೂನ್‌ನಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಮನೆಯೊಳಗೆ ಮಲಗಿದ್ದ 9 ತಿಂಗಳ ಅವಳಿ ಹೆಣ್ಣುಮಕ್ಕಳನ್ನು ನರಿ ಕಚ್ಚಿತು. 2013ರ ಫೆಬ್ರವರಿಯಲ್ಲಿ ಆಗ್ನೇಯ ಲಂಡನ್ನಿನ ಬ್ರಾಮ್ಲಿಯಲ್ಲಿ ಒಂದು ಹಸುಗೂಸಿನ ಬೆರಳೇ ತುಂಡಾಯಿತು, ವೈದ್ಯರು ಮತ್ತೆ ಜೋಡಿಸಿದರು. ಆಗ ಲಂಡನ್ನಿನ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್, ಬರೋಗಳು, ಅಂದರೆ ನಗರದ ಸ್ಥಳೀಯ ಆಡಳಿತಗಳು, ಏನಾದರೂ ಮಾಡಲೇಬೇಕು ಎಂದರು. ಇಂಥ ಘಟನೆ ಬಹಳ ಅಪರೂಪ. ಇಂಗ್ಲೆಂಡಿನಲ್ಲಿ ನಾಯಿ ಕಚ್ಚಿ ಆಸ್ಪತ್ರೆ ಸೇರುವವರೇ ವರ್ಷಕ್ಕೆ ಸಾವಿರಾರು ಜನ. ಆದರೆ ತೊಟ್ಟಿಲ ಪಕ್ಕ ನಿಂತ ತಾಯಿಗೆ ಈ ಲೆಕ್ಕ ಹೇಳಿ ಸಮಾಧಾನ ಮಾಡಲು ಆಗುವುದಿಲ್ಲ. ಆ ಭಯಕ್ಕೆ ಕೌನ್ಸಿಲ್ ಉತ್ತರ ಕೊಡಲೇಬೇಕು. ಕೊಡುವ ಉತ್ತರ ಕೆಲಸಕ್ಕೆ ಬರುವಂತಿರಲಿ, ನಾನು ಕೇಳುವುದು ಇಷ್ಟೇ.

ಊರಿಂದ ಬಂದ ನಮಗೆ ಇನ್ನೊಂದು ಭಯವೂ ಇದೆ, ಹುಚ್ಚುನಾಯಿ ರೋಗದ್ದು. ಇಲ್ಲಿನ ನರಿಗಳಲ್ಲಿ ರೇಬಿಸ್ ಇಲ್ಲ. ಈ ದೇಶ ನೂರು ವರ್ಷಗಳ ಹಿಂದೆಯೇ ಅದನ್ನು ನಾಯಿ-ನರಿಗಳಿಂದ ಹೊರಗಟ್ಟಿತು. ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಬೇಕು, ಅದು ಬೇರೆ ಮಾತು. ಈ ಒಂದು ಸಂಗತಿ ಗೊತ್ತಾದರೆ ನಮ್ಮ ಎಷ್ಟೋ ಮನೆಗಳ ಅರ್ಧ ದಿಗಿಲು ಇಳಿಯುತ್ತದೆ.

ಈಗ ಬೋನಿನ ವಿಷಯ. ಲಂಡನ್ನಿನಲ್ಲಿ ಇದು ಹೊಸ ಉಪಾಯವೇನಲ್ಲ. ಎರಡು ಮಹಾಯುದ್ಧಗಳ ನಡುವೆ ನಗರದ ಅಂಚಿನಲ್ಲಿ ಉದ್ದುದ್ದ ಹಿತ್ತಲಿನ ಜೋಡಿ ಮನೆಗಳು ಎದ್ದವು. ನರಿಗಳು ಒಳಗೆ ಬಂದು ನೆಲೆಸಿದ್ದು ಆಗ, 1930ರ ದಶಕದಲ್ಲಿ. ಆಮೇಲೆ ದಶಕಗಳ ಕಾಲ ಸರ್ಕಾರದವರೂ ಬರೋಗಳೂ ಅವನ್ನು ಹಿಡಿಸಿದರು, ಗುಂಡು ಹಾಕಿಸಿದರು. ಪ್ರಯೋಜನವಿಲ್ಲ ಅಂತ ಕಂಡು 1980ರ ದಶಕದ ಹೊತ್ತಿಗೆ ಹೆಚ್ಚಿನವರು ಕೈಬಿಟ್ಟರು. ಕಾರಣ ಸರಳ. ನರಿಗಳ ಪ್ರತಿ ಕುಟುಂಬಕ್ಕೂ ತನ್ನದೇ ಸರಹದ್ದು ಇರುತ್ತದೆ. ಒಂದು ನರಿಯನ್ನು ತೆಗೆದರೆ ಆ ಜಾಗ ಖಾಲಿ ಬಿದ್ದಿರುವುದಿಲ್ಲ. ಅಲ್ಲಿ ಊಟ ಸಿಗುತ್ತಿರುವ ತನಕ ಅಕ್ಕಪಕ್ಕದ ಎಳೆಪ್ರಾಯದ ನರಿ ಬಂದು ಸೇರಿಕೊಳ್ಳುತ್ತದೆ. ನಮ್ಮ ತೆರಿಗೆ ದುಡ್ಡು ತಿಂಗಳ ಲೆಕ್ಕದಲ್ಲಿ ಬೋನಿನ ಕಂಪನಿಗೆ ಹೋಗುತ್ತಲೇ ಇರುತ್ತದೆ, ನರಿ ಇದ್ದೇ ಇರುತ್ತದೆ.

ವಿಷ ಇಡುವುದು ಅಪರಾಧ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಿಡಿದು ದೂರದ ಕಾಡಿಗೆ ಬಿಟ್ಟು ಬನ್ನಿ ಅನ್ನುವವರೂ ಇದ್ದಾರೆ. ಬೀದಿಯಲ್ಲಿ ಬೆಳೆದ ಪ್ರಾಣಿಯನ್ನು ಪರಜಾಗದಲ್ಲಿ, ಬೇರೆ ನರಿಗಳ ಸರಹದ್ದಿನಲ್ಲಿ ಬಿಡುವುದು ಅದನ್ನು ಹಿಂಸೆಗೆ ಒಪ್ಪಿಸಿದ ಹಾಗೆ. 2006ರ ಪ್ರಾಣಿ ಕಲ್ಯಾಣ ಕಾಯಿದೆಯಡಿ ಅದೂ ತಪ್ಪಾಗಬಹುದು. ಕಾಲ ಯಾವುದು ಅಂತಲೂ ನೋಡಬೇಕು. ಮಾರ್ಚಿನಲ್ಲಿ ಮರಿ ಹುಟ್ಟುತ್ತವೆ, ನಾಲ್ಕೈದು. ವಸಂತದಲ್ಲಿ ತಾಯಿನರಿ ಬೋನಿಗೆ ಬಿದ್ದರೆ ಶೆಡ್ಡಿನ ಅಡಿ ಆ ಮರಿಗಳು ಹಸಿದು ಸಾಯುತ್ತವೆ. ಆ ಕೂಗು ನಮ್ಮ ಮಕ್ಕಳ ಕಿವಿಗೆ ಬೀಳುವುದು ನನಗೆ ಬೇಡ, ನಿಮಗೂ ಬೇಡ ಅಂತ ನಂಬಿದ್ದೇನೆ.

ಹಾಗಾದರೆ ನರಿಗೆ ಹೆದರಿಕೆ ಹೋದದ್ದು ಹೇಗೆ? ನಾವೇ ಕೈಯಾರೆ ತೆಗೆದೆವು. 2011ರ ಫೆಬ್ರವರಿಯಲ್ಲಿ, ಆಗಿನ್ನೂ ಕಟ್ಟುತ್ತಿದ್ದ ಲಂಡನ್ನಿನ ಶಾರ್ಡ್ ಎಂಬ ಗಗನಚುಂಬಿ ಕಟ್ಟಡದ 72ನೇ ಮಹಡಿಯಲ್ಲಿ ಒಂದು ನರಿ ಸಿಕ್ಕಿತ್ತು, ನೆನಪಿದೆಯಾ? ಅಷ್ಟು ಎತ್ತರದಲ್ಲಿ ಅದು ಬದುಕಿದ್ದು ಕೆಲಸಗಾರರು ಬಿಟ್ಟ ಊಟದ ಮೇಲೆ. ನಮ್ಮ ಬೀದಿಯಲ್ಲಿ ಅಷ್ಟು ಎತ್ತರ ಹತ್ತುವ ಕಷ್ಟವೂ ಅದಕ್ಕಿಲ್ಲ. ಒಂದು ಮನೆಯಲ್ಲಿ ದಿನಾ ಕತ್ತಲಾಗುವಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಸಾಸೇಜ್ ತುಂಡನ್ನು ಕೈಯಿಂದಲೇ ನರಿಯ ಬಾಯಿಗೆ ಕೊಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ನರಿ ಕಿವಿ ಹಿಂದಕ್ಕೆ ಮಡಚಿ, ಕತ್ತು ಚಾಚಿ, ಹಿಂಗಾಲು ಮಾತ್ರ ಓಡಲು ತಯಾರಾಗಿ ಇಟ್ಟುಕೊಂಡು ತುಂಡನ್ನು ಮೆಲ್ಲಗೆ ಕಿತ್ತುಕೊಳ್ಳುತ್ತದೆ. ನೋಡಲು ಬಹಳ ಚೆಂದ. ಕೊಡುವವರದು ಒಳ್ಳೆಯ ಮನಸ್ಸು, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ನರಿ ಆಮೇಲೆ ಬೇಲಿ ದಾಟಿ ಪಕ್ಕದ ಮನೆಗೆ ಬರುತ್ತದೆ. ಅಲ್ಲಿ ಬಿಸ್ಕತ್ತು ಹಿಡಿದ ಮಗು ನಿಂತಿರುತ್ತದೆ. ಚಾಚಿದ ಕೈ ಅಂದರೆ ಊಟ ಅಂತ ನರಿಗೆ ಕಲಿಸಿದವರು ಯಾರು?

ನಮ್ಮ ಮನೆಗಳ ಕಡೆಗೂ ಬರುತ್ತೇನೆ. ಊರಿಂದ ಆರು ತಿಂಗಳಿಗೆ ಅಂತ ಬಂದ ಅಪ್ಪ-ಅಮ್ಮಂದಿರಿಗೆ ಅನ್ನ ಚೆಲ್ಲುವುದು ಆಗದ ಮಾತು. ಉಳಿದ ಅನ್ನ, ಚಪಾತಿ, ನಿನ್ನೆಯ ಉಪ್ಪಿಟ್ಟು ಎಲ್ಲ ಹಕ್ಕಿ ತಿನ್ನಲಿ ಅಂತ ಹಿತ್ತಲಿನ ಮೂಲೆ ಸೇರುತ್ತದೆ. ಕಾಗೆಗೆ ಒಂದು ತುತ್ತು, ನಾಯಿಗೆ ಒಂದು ತುತ್ತು ಇಟ್ಟು ಬೆಳೆದ ಜೀವ ಅದು. ಜೊತೆಗೆ, ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅನ್ನುವ ನಂಬಿಕೆ ಬೇರೆ. ಅವರಿಗೆ ಗದರಿ ಹೇಳಿದರೆ ಪ್ರಯೋಜನವಿಲ್ಲ. ಹೀಗೆ ಇಟ್ಟ ಊಟದಿಂದ ನರಿಗೇ ಕೇಡು ಅಂತ ತಿಳಿಸಿದರೆ ಖಂಡಿತ ಕೇಳುತ್ತಾರೆ.

ಕೇಡು ಹೇಗೆ ಅನ್ನುವುದಕ್ಕೆ ಬ್ರಿಸ್ಟಲ್ ನಗರ ನೋಡಿ. ಅಲ್ಲಿ ಜನ ಊಟ ಇಟ್ಟೂ ಇಟ್ಟೂ ನರಿಗಳು ಬಹಳ ದಟ್ಟವಾಗಿದ್ದವು. 1994ರಲ್ಲಿ ಕಜ್ಜಿ ಹಬ್ಬಿತು. ಮೈಯ ಕೂದಲೆಲ್ಲ ಉದುರಿ, ಚರ್ಮ ಒಡೆದು, ನೂರಕ್ಕೆ 95ಕ್ಕಿಂತ ಜಾಸ್ತಿ ನರಿಗಳು ಸತ್ತವು. ಒಂದೇ ತಟ್ಟೆಯ ಸುತ್ತ ಸೇರುವ ನರಿಗಳಿಗೆ ಕಜ್ಜಿ ತರುವ ಸಣ್ಣ ಹುಳ ಬೇಗ ಹತ್ತುತ್ತದೆ. ಇನ್ನು ಕೈತುತ್ತಿಗೆ ಒಗ್ಗಿದ ನರಿ ರಸ್ತೆ, ಕಾರು ಯಾವುದಕ್ಕೂ ಅಂಜುವುದಿಲ್ಲ. ನಗರದ ನರಿಗಳಲ್ಲಿ ಬಹಳಷ್ಟು ಸಾಯುವುದು ಕಾರಿನ ಚಕ್ರಕ್ಕೆ ಸಿಕ್ಕಿ, ಎರಡು ವರ್ಷ ತುಂಬುವ ಮೊದಲೇ.

ಕಸದ ವಿಷಯದಲ್ಲಿ ನಿಮ್ಮ ಪಾಲು ದೊಡ್ಡದು. ಅಂಗಡಿಗಳ ಮೇಲಿನ ಫ್ಲ್ಯಾಟುಗಳವರಿಗೆ ಬಿನ್ ಇಡಲು ಜಾಗ ಇಲ್ಲ, ಅವರು ಕಪ್ಪು ಚೀಲಗಳನ್ನು ಸಂಜೆಯೇ ಫುಟ್‌ಪಾತಿನಲ್ಲಿ ಇಡುತ್ತಾರೆ. ಕಸದ ಲಾರಿ ಬರುವುದು ಬೆಳಿಗ್ಗೆ. ನಡುವಿನ ಅಷ್ಟೂ ಹೊತ್ತು ಚಿಕನ್ ಅಂಗಡಿಯ ಮೂಳೆ, ಮಕ್ಕಳ ಡೈಪರ್ ಎಲ್ಲ ನರಿಯ ಪಾಲು. ಹಲ್ ವಿಶ್ವವಿದ್ಯಾಲಯದ ಸಂಶೋಧಕರು ಕಾಡು ಮತ್ತು ನಗರದ ನರಿಗಳ ಮುಂದೆ ಊಟ ತುಂಬಿದ ಒಗಟಿನ ಡಬ್ಬಗಳನ್ನು ಇಟ್ಟು ನೋಡಿದರು. ಫಲಿತಾಂಶ ಪ್ರಕಟವಾದದ್ದು 2023ರಲ್ಲಿ. ನಗರದ ನರಿಗಳಿಗೆ ಧೈರ್ಯ ಜಾಸ್ತಿ, ಡಬ್ಬ ಮುಟ್ಟಿ ನೋಡಿದವು. ಆದರೆ ಪಟ್ಟು ಹಿಡಿದು ತೆರೆದವು ಕೆಲವೇ. ಸುಲಭವಾಗಿ ಸಿಗದಿದ್ದರೆ ಹೆಚ್ಚಿನ ನರಿಗಳು ಮುಂದೆ ಹೋಗುತ್ತವೆ. ಅದಕ್ಕೇ ನಾನು ಬೋನಿನ ಬದಲು ಡಬ್ಬ ಕೇಳುತ್ತಿರುವುದು.

ಮನೆಮನೆಯಿಂದ ವಾರಕ್ಕೊಮ್ಮೆ ಆಹಾರದ ಕಸವನ್ನು ಬೇರೆಯಾಗಿ ಒಯ್ಯಬೇಕು ಅಂತ ಇಂಗ್ಲೆಂಡಿನಲ್ಲಿ ನಿಯಮ ಬಂದಿದೆ, ಗಡುವು 2026ರ ಮಾರ್ಚ್ 31. ಹೊರಗಿಡುವ ಆ ಸಣ್ಣ ಡಬ್ಬದ ಹಿಡಿಯನ್ನು ಮುಂದಕ್ಕೆ ಮಡಚಿದರೆ ಮುಚ್ಚಳ ಬಿಗಿಯುತ್ತದೆ, ನರಿ ಉರುಳಿಸಿದರೂ ತೆರೆಯುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹಿಡಿಯನ್ನು ಹಿಂದಕ್ಕೆ ಬಿಟ್ಟು ಸುಮ್ನೆ ಇಟ್ಟಿರುತ್ತಾರೆ. ಡಬ್ಬದ ಮೇಲೆ ಒಂದು ಚಿತ್ರದ ಸ್ಟಿಕರ್ ಅಂಟಿಸಿ, ಸಾಕು. ಫ್ಲ್ಯಾಟುಗಳ ಸಾಲಿಗೆ ಬೀದಿಯಲ್ಲೇ ಮುಚ್ಚಳದ ದೊಡ್ಡ ಬಿನ್ ಹಾಕಿಸಿ. ಅದು ಬರುವವರೆಗೆ ಚೀಲ ಬೆಳಿಗ್ಗೆಯೇ ಹೊರಗೆ ಬರುವಂತೆ ಲಾರಿಯ ಹೊತ್ತು ಬದಲಿಸಿ.

ಕೈಯಿಂದ ಊಟ ಕೊಡುವವರ ಮನೆಗೆ ಮೊದಲು ಒಬ್ಬ ಅಧಿಕಾರಿಯನ್ನು ಕಳಿಸಿ, ಕೂತು ಮಾತಾಡಲಿ. ಕೇಳದೆ ಮುಂದುವರಿಸಿದರೆ ಮಾತ್ರ, ಸಮಾಜವಿರೋಧಿ ವರ್ತನೆ ತಡೆಯುವ 2014ರ ಕಾಯಿದೆಯಡಿ ಸಮುದಾಯ ರಕ್ಷಣೆಯ ನೋಟಿಸ್ ಕೊಡುವ ಅಧಿಕಾರ ಕೌನ್ಸಿಲ್‌ಗೆ ಇದೆ. ಅಷ್ಟು ದೂರ ಹೋಗುವ ಸಂದರ್ಭ ಬಾರದಿರಲಿ.

ಕಳೆದುಹೋದ ಹೆದರಿಕೆಯನ್ನು ನರಿಗೆ ಮತ್ತೆ ಕಲಿಸುವ ಕೆಲಸ ನಮ್ಮದು, ಇಡೀ ಬೀದಿಯದು. ನರಿ ಕಂಡರೆ ಫೋನ್ ತೆಗೆದು ವೀಡಿಯೊ ಮಾಡುತ್ತಾ ನಿಲ್ಲಬಾರದು. ಜೋರಾಗಿ ಕೂಗಿ, ಚಪ್ಪಾಳೆ ತಟ್ಟಿ, ಪೈಪಿನಿಂದ ನೀರು ಚಿಮ್ಮಿಸಿ ಓಡಿಸಬೇಕು. ಪ್ರತಿ ಮನೆಯಲ್ಲೂ, ಪ್ರತಿ ಸಲವೂ. ಒಂದು ಮನೆ ಓಡಿಸಿ ಇನ್ನೊಂದು ಮನೆ ಉಣಿಸಿದರೆ ಅದು ಏನನ್ನೂ ಕಲಿಯುವುದಿಲ್ಲ. ಜೂನ್, ಜುಲೈನಲ್ಲಿ ಹೊರಬರುವ ಎಳೆ ನರಿಗಳಿಗೆ ಕುತೂಹಲ ಜಾಸ್ತಿ, ಭಯ ಕಡಿಮೆ. ಕಲಿಸಲು ಅದೇ ಸರಿಯಾದ ಕಾಲ. ಸೆಕೆ ಅಂತ ಹಿಂಬಾಗಿಲು ತೆರೆದಿಟ್ಟು ಮಗುವನ್ನು ಕೆಳಗಿನ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವುದನ್ನು ಆ ದಿನಗಳಲ್ಲಂತೂ ಯಾರೂ ಮಾಡಬಾರದು. ಡೆಕ್ಕಿನ, ಶೆಡ್ಡಿನ ಅಡಿಯ ಸಂದುಗಳನ್ನು ಮರಿಗಳು ಬಿಟ್ಟು ಹೋದ ಮೇಲೆ, ಚಳಿಗಾಲಕ್ಕೆ ಮುಂಚೆ, ನೆಲದೊಳಕ್ಕೂ ಇಳಿಯುವ ಗಟ್ಟಿ ಜಾಲರಿಯಿಂದ ಮುಚ್ಚಬೇಕು. ಬಾಡಿಗೆ ಮನೆಗಳಲ್ಲಿ ಇದನ್ನು ಮಾಲೀಕರೇ ಮಾಡಿಸಬೇಕು, ಅವರಿಗೆ ನೀವು ಪತ್ರ ಬರೆಯಬೇಕು. ಏನು ಮಾಡಬೇಕು ಅಂತ ತಿಳಿಯದವರಿಗೆ ದಿ ಫಾಕ್ಸ್ ಪ್ರಾಜೆಕ್ಟ್‌ನಂಥ ಸಂಸ್ಥೆಗಳು ಸಲಹೆ ಕೊಡುತ್ತವೆ, ಅವರನ್ನು ಒಮ್ಮೆ ವಾರ್ಡಿಗೆ ಕರೆಸಿ.

ಮುಂದಿನ ಸಭೆಯಲ್ಲಿ ಅರ್ಜಿ ಚರ್ಚೆಗೆ ಬಂದಾಗ ಬೋನಿಗೆ ಕೇಳಿದ ದುಡ್ಡನ್ನು ಬಿನ್‌ಗೆ, ತಿಳಿವಳಿಕೆಗೆ ತಿರುಗಿಸುವ ತಿದ್ದುಪಡಿಯನ್ನು ನೀವೇ ಮಂಡಿಸಿ ಅಂತ ಕೇಳಿಕೊಳ್ಳುತ್ತೇನೆ. ಮನೆಮನೆಗೆ ಹಂಚಲು ಕನ್ನಡದ ಕರಪತ್ರವನ್ನು ನಾವು ಕೆಲವು ಮನೆಯವರು ಸೇರಿ ಬರೆದುಕೊಡುತ್ತೇವೆ. ತಮಿಳು, ಗುಜರಾತಿ, ಉರ್ದು ಬಲ್ಲ ನೆರೆಯವರನ್ನೂ ಕೇಳುತ್ತೇವೆ. ಅಚ್ಚು ಹಾಕಿಸುವ ಖರ್ಚು ಮಾತ್ರ ಕೌನ್ಸಿಲ್ ನೋಡಿಕೊಳ್ಳಲಿ. ಸಭೆಗೆ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಬಂದರೆ ಅಂಗಡಿ ಸಾಲಿನ ಚೀಲಗಳನ್ನು ನಿಮಗೆ ತೋರಿಸುತ್ತೇನೆ.

ಇಂತಿ,
ನಿಮ್ಮ ವಾರ್ಡಿನ ನಿವಾಸಿ